ಬರೆಯದವರ ದೂರ

ನಮ್ಮ ಊರಿನಲ್ಲಿ ದೂರವನ್ನು ಅಳೆಯುವುದಿಲ್ಲ, ಬರೆಯುತ್ತಾರೆ. ಪ್ರತಿ ಮನೆಗೂ ಊರ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಫೈಲು ಇದೆ. ಮೇಲೆ ಚೌಕ ಕಂಸದೊಳಗೆ ಆ ಮನೆಯವರ ಹೆಸರು, ಕೆಳಗೆ ಒಂದೊಂದು ಸಾಲಿಗೆ ಊರಿನ ಒಂದೊಂದು ಮನೆ, ಅದರ ಮುಂದೆ ಸಮ ಚಿಹ್ನೆ, ಆಮೇಲೆ ಇಷ್ಟು ಮಾರು ಅಂತ ಒಂದು ಸಂಖ್ಯೆ. ಬೆಳಕು ಹರಿಯುವ ಹೊತ್ತಿಗೆ ಕಚೇರಿಯ ಯಂತ್ರ ಎಲ್ಲ ಫೈಲುಗಳನ್ನೂ ಓದುತ್ತದೆ. ಓದಿ ಮುಗಿಸಿದ ಮೇಲೆ ಆ ದಿನದ ಊರು ಹಾಗೆಯೇ ಇರುತ್ತದೆ. ಎರಡು ಮನೆ ಹತ್ತಿರವಾಗಬೇಕಾದರೆ ಎರಡೂ ಮನೆಯವರು ಬರೆಯಬೇಕು. ದೂರವಾಗಲು ಒಬ್ಬರು ಬರೆದರೆ ಸಾಕು, ದೊಡ್ಡ ಸಂಖ್ಯೆಯೇ ನಿಲ್ಲುತ್ತದೆ. ಏನೂ ಬರೆಯದೆ ಬಿಟ್ಟರೆ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ. ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳಿಗೆ ತಮ್ಮದೇ ಆದ ಫೈಲು ಇಲ್ಲ. ಯಾರು ಎಷ್ಟು ಬರೆದರೂ ಅವು ಒಪ್ಪಿಕೊಳ್ಳುತ್ತವೆ.

ಸರ್ವೆ ಮಾಡುವವರು ಒಂದೆರಡು ಸಲ ಬಂದು, ಸರಪಳಿ ಸುತ್ತಿಕೊಂಡು ವಾಪಸು ಹೋದರು. ನಮಗೆ ನಕಾಶೆ ಇಲ್ಲ. ಇರುವುದು ಒಂದೇ ಬಸ್ಸು, ಅದರ ಕಂಡಕ್ಟರ್ ನಾನು, ಉಮಾಪತಿ. ಬೆಳಗಿನ ಮೊದಲ ಟ್ರಿಪ್ಪು ಎಂದರೆ ಊರು ಇವತ್ತು ಎಲ್ಲೆಲ್ಲಿದೆ ಎಂದು ನೋಡಿಕೊಂಡು ಬರುವುದು. ಡ್ರೈವರ್ ನಜೀರ್ ನಿಧಾನವಾಗಿ ಓಡಿಸುತ್ತಾನೆ, ನಾನು ಬಾಗಿಲಲ್ಲಿ ನಿಂತು ಹೇಳುತ್ತಾ ಹೋಗುತ್ತೇನೆ. ‘ಗಿರಣಿ ಈ ಕಡೆ ಬಂದಿದೆ, ಬ್ರೇಕ್ ಹಾಕು’, ‘ಸೋಮಣ್ಣನ ಮನೆ ಮಾವನ ಮನೆಯಿಂದ ಹಿಂದಕ್ಕೆ ಹೋಗಿದೆ, ಮತ್ತೆ ಏನೋ ಆಗಿದೆ.’ ಯಾರ ಮನೆಯಲ್ಲಿ ಜಗಳ, ಯಾರಿಗೆ ಮದುವೆ ಗೊತ್ತಾಯಿತು ಎಂಬುದೆಲ್ಲ ನಮ್ಮಿಬ್ಬರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ನಾವು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟಿದ್ದರೆ ಬಸ್ಸಿಗೆ ಯಾರೂ ಹತ್ತುತ್ತಿರಲಿಲ್ಲ.

ನನ್ನ ಹೆಂಡತಿ ವಾರಿಜ ಆ ಕಚೇರಿಯಲ್ಲೇ ಕಂಪ್ಯೂಟರ್ ಕೆಲಸದಲ್ಲಿದ್ದಳು. ಫೈಲುಗಳನ್ನು ಓದುವ ಹಳೆಯ ಯಂತ್ರವನ್ನು ಕೂಡಿಸಿದವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅದು ಹೇಗೆ ಓದುತ್ತದೆ ಎಂದು ಉಳಿದವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಪ್ರಸಂಗವೂ ಬಂದಿರಲಿಲ್ಲ. ಬಂದದ್ದು ಒಂದು ಸೋಮವಾರ. ಯಂತ್ರ ಓದುತ್ತಾ ಒಂದು ಫೈಲನ್ನು ಬಿಟ್ಟು ಮುಂದೆ ಹೋಯಿತು. ಕೊನೆಯ ಬೀದಿಯ ಬಡಗಿ ರೇವಣ್ಣನ ಮನೆಯನ್ನು ಅದು ಓದಲೇ ಇಲ್ಲ. ಆ ದಿನ ನಾನೂ ನಜೀರನೂ ಊರೆಲ್ಲ ಸುತ್ತಿದರೂ ಆ ಮನೆ ಸಿಗಲಿಲ್ಲ. ಮರುದಿನ ಯಂತ್ರ ಹೇಗೋ ಪೂರ್ತಿ ಓದಿತು, ಮನೆ ತನ್ನ ಜಾಗದಲ್ಲಿ ಬಂದು ನಿಂತಿತು. ರೇವಣ್ಣ ಬಸ್ಸು ಹತ್ತಿ ಕೂತು, ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ. ‘ಕಿಟಕಿ ತೆಗೆದ್ರೆ ಆಚೆ ಏನೂ ಇರ್ಲಿಲ್ಲ ಕಣ್ರೀ. ಕತ್ತಲೆ ಅಂತಲ್ಲ. ಏನೂ ಇರ್ಲಿಲ್ಲ.’ ಅವನ ತಾಯಿ ಆ ದಿನದ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು.

ಕಚೇರಿಯ ಮುಖ್ಯಾಧಿಕಾರಿ ಪುಟ್ಟಸಿದ್ದಪ್ಪನವರು ವಾರಿಜಳನ್ನು ಕರೆದು, ಇನ್ನೊಂದು ಸಲ ಹೀಗಾದರೆ ಜನ ತಮ್ಮನ್ನು ಬಿಡುವುದಿಲ್ಲ, ಹೊಸ ಕಂಪ್ಯೂಟರಿನಲ್ಲಿ ಈ ಫೈಲುಗಳನ್ನು ಓದುವ ಹೊಸ ಪ್ರೋಗ್ರಾಮ್ ಬರೆಯಿರಿ ಎಂದರು. ಅವಳು ಮನೆಗೆ ಬಂದು ನಗುತ್ತಾ ಹೇಳಿದಳು, ‘ಪೂರ್ತಿ ಬರೆಯೋ ಹಾಗೇ ಇಲ್ಲ ರೀ. ಇಂಥ ಫೈಲು ಓದೋಕೆ ಅಂತಲೇ ಒಂದು ಪುಟ್ಟ ಲೈಬ್ರರಿ ಇದೆ.’

ಲೈಬ್ರರಿ ಎಂದರೆ ಪುಸ್ತಕ ಇಡುವ ಜಾಗ ಎಂದಷ್ಟೇ ತಿಳಿದಿದ್ದ ನನಗೆ ಅವಳು ಬಿಡಿಸಿ ಹೇಳಿದಳು. ಯಾರೋ ಎಲ್ಲೋ ಕೂತು ಒಂದು ಕೆಲಸಕ್ಕೆ ಬೇಕಾದಷ್ಟನ್ನು ಚೆನ್ನಾಗಿ ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ನಾವು ಅದನ್ನು ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಂಡರೆ ಸಾಕು. ಫೈಲು ಕೊಟ್ಟರೆ ಅದು ಇಂಥ ಮನೆ, ಇಂಥವರಿಗೆ, ಇಷ್ಟು ಎಂದು ಬಿಡಿಬಿಡಿಯಾಗಿ ಕೈಗೆ ಇಡುತ್ತದೆ. ‘ಅವರೆಕಾಯಿ ಸುಲಿದು ಕೊಟ್ಟ ಹಾಗೆ. ಸಾರು ಮಾಡೋದು ಮಾತ್ರ ನಮ್ಮ ಕೆಲಸ’ ಎಂದಳು.

ಮೊದಲ ತೊಡಕು ಬಂದದ್ದು ಜನರಿಂದ. ಸಂಖ್ಯೆ ಬರೆದು, ಪಕ್ಕದಲ್ಲಿ ಅರ್ಧವಿರಾಮ ಹಾಕಿ, ತಮಗೆ ತೋಚಿದ್ದನ್ನು ಬರೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿತ್ತು. ‘ಇನ್ನೂರು; ಅವಳೇ ಮೊದಲು ಮಾತಾಡಿಸಲಿ.’ ‘ಮೂವತ್ತು; ಅಪ್ಪನಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ.’ ಹಳೆಯ ಯಂತ್ರ ಅರ್ಧವಿರಾಮದ ಆಚೆಗೆ ಕಣ್ಣು ಹಾಯಿಸುತ್ತಿರಲಿಲ್ಲ. ಲೈಬ್ರರಿಯಾದರೋ ಅದನ್ನೂ ಸಂಖ್ಯೆಯ ಭಾಗವೆಂದೇ ತಿಳಿದು ಎಲ್ಲವನ್ನೂ ಸೇರಿಸಿ ಕೊಟ್ಟಿತು. ಅಪ್ಪನ ಮೆಟ್ಟಿಲನ್ನು ಸಂಖ್ಯೆ ಮಾಡುವುದು ಹೇಗೆ? ವಾರಿಜ ಲೈಬ್ರರಿಯ ಜೊತೆ ಬಂದ ವಿವರಣೆಯನ್ನು ಓದಿ, ಅರ್ಧವಿರಾಮದ ನಂತರದ್ದನ್ನು ಬಿಟ್ಟುಬಿಡು ಎಂದು ಹೇಳುವ ಒಂದು ಪದವನ್ನು ಹುಡುಕಿ ಸೇರಿಸಿದಳು. ಅಲ್ಲಿಗೆ ಸರಿಹೋಯಿತು. ಆದರೆ ಅಷ್ಟರಲ್ಲಿ ಅಂಥ ಎಷ್ಟೋ ಸಾಲುಗಳು ಅವಳ ಕಣ್ಣಿಗೆ ಬಿದ್ದಿದ್ದವು.

ನಿಜವಾದ ಭಯ ಶುರುವಾದದ್ದು ಆಮೇಲೆ. ಎಲ್ಲ ಫೈಲುಗಳನ್ನೂ ಹೊಸ ಪ್ರೋಗ್ರಾಮಿನಿಂದ ಓದಿಸಿ ನೋಡಿದಾಗ ಸಂಖ್ಯೆಗಳಿಗಿಂತ ಖಾಲಿಗಳೇ ಹೆಚ್ಚಾಗಿ ಬಂದವು. ಸಾಲುಸಾಲು ಖಾಲಿ. ಲೈಬ್ರರಿ ತಪ್ಪು ಮಾಡುತ್ತಿದೆ ಎಂದುಕೊಂಡು ವಾರಿಜ ಫೈಲುಗಳನ್ನೇ ತೆರೆದು ನೋಡಿದಳು. ಲೈಬ್ರರಿ ಇದ್ದದ್ದನ್ನು ಇದ್ದ ಹಾಗೆ ಓದಿತ್ತು. ಹಳೆಯ ಯಂತ್ರವೇ ಸಂಖ್ಯೆಯನ್ನು ಓದಿ, ತನ್ನ ಹೊಟ್ಟೆಗೆ ಹಾಕಿಕೊಂಡು, ಸಾಲನ್ನು ಖಾಲಿ ಮಾಡಿಬಿಡುತ್ತಿತ್ತು. ಯಾರೋ ಹತ್ತು ವರ್ಷದ ಹಿಂದೆ ಬರೆದ ದೂರ ಆ ಯಂತ್ರದ ನೆನಪಿನಲ್ಲಿ ಮಾತ್ರ ಇತ್ತು. ಆ ನೆನಪನ್ನು ಹೊರಗೆ ತೆಗೆಯುವ ದಾರಿ ಯಾರಿಗೂ ತಿಳಿದಿರಲಿಲ್ಲ.

ಅವಳು ಹೆದರಿ ಮುಖ್ಯಾಧಿಕಾರಿಗಳ ಹತ್ತಿರ ಹೋಗಿ, ಹಳೆಯದು ನಡೆಯುತ್ತಿರುವಾಗಲೇ ಜನರಿಂದ ಎಲ್ಲವನ್ನೂ ಮತ್ತೊಮ್ಮೆ ಬರೆಸಿಕೊಳ್ಳಬೇಕು, ಒಂದು ತಿಂಗಳಾದರೂ ಬೇಕು ಎಂದಳು. ಅವರು ಆಗಲಿ ಎಂದರು. ಮರುದಿನ ಬೆಳಗಿನ ಓದು ಮುಗಿಸಿ, ಕಚೇರಿ ತೆರೆಯುವ ಹೊತ್ತಿಗೆ, ಹಳೆಯ ಯಂತ್ರದಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಆಮೇಲೆ ಹೊಗೆ. ವೈರು ಕಿತ್ತು, ಮರಳು ಸುರಿದು, ಬಾಗಿಲು ಕಿಟಕಿ ತೆರೆದಿಟ್ಟು ಎಲ್ಲರೂ ಹೊರಗೆ ನಿಂತರು. ನಾನು ಸುದ್ದಿ ಕೇಳಿ ಹೋದಾಗ ವಾರಿಜ ಮೆಟ್ಟಿಲ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಹೆದರಿದಾಗಲೆಲ್ಲ ಅವಳು ಹಾಗೆ ಕೂರುತ್ತಾಳೆ.

‘ನಾಳೆ ಬೆಳಿಗ್ಗೆ ನಮ್ಮದೇ ಓದ್ಬೇಕು ರೀ’ ಎಂದಳು. ‘ಖಾಲಿ ಕಂಡ ಕಡೆ ಏನ್ ಹಾಕ್ಬೇಕು ಅಂತ ನಾನು ಹೇಳ್ಬೇಕು.’

ಆ ಲೈಬ್ರರಿಯಲ್ಲಿ ಅದಕ್ಕೊಂದು ಜಾಗವಿತ್ತು. ಏನೂ ಬರೆಯದಿದ್ದರೆ ಇಷ್ಟು ಎಂದು ಒಂದು ಸಂಖ್ಯೆ ಕೊಡಬಹುದು. ಒಂದೇ ಸಂಖ್ಯೆ, ಬರೆಯದ ಎಲ್ಲರಿಗೂ. ಅದನ್ನು ಕೊಡದಿದ್ದರೆ ಮೊದಲ ಖಾಲಿಯಲ್ಲೇ ಓದು ನಿಲ್ಲುತ್ತದೆ, ಇಡೀ ಊರು ರೇವಣ್ಣನ ಮನೆಯಾಗುತ್ತದೆ.

ಕಚೇರಿಯ ಅಂಗಳದಲ್ಲೇ ಸಭೆಯಾಯಿತು. ಪುಟ್ಟಸಿದ್ದಪ್ಪನವರು, ‘ದೊಡ್ಡ ಸಂಖ್ಯೆನೇ ಹಾಕಿ ವಾರಿಜಮ್ಮ. ಸಾವಿರ ಮಾರು. ದೂರ ಇದ್ರೆ ಯಾರೂ ದೂರು ಕೊಡಲ್ಲ’ ಎಂದರು. ಅಂಗಡಿಯವರು, ಸಾವಿರವಾದರೆ ಗಿರಾಕಿಗಳು ಬರುವುದಿಲ್ಲ, ಹತ್ತು ಹಾಕಿ ಎಂದರು. ವಾರಿಜ ಎದ್ದು ನಿಂತು, ‘ಆಸ್ಪತ್ರೆ ಸಾಲೂ ಎಷ್ಟೋ ಫೈಲಲ್ಲಿ ಖಾಲಿ ಇದೆ ಸರ್. ಸಾವಿರ ಹಾಕಿದ್ರೆ ಅದೂ ಸಾವಿರವೇ’ ಎಂದಳು. ಆಸ್ಪತ್ರೆ ಎನ್ನುವಾಗ ಅವಳ ದನಿ ಸ್ವಲ್ಪ ತಗ್ಗಿದ್ದು ನನಗೆ ಮಾತ್ರ ತಿಳಿಯಿತು.

ಅದರ ಕಾರಣವನ್ನೂ ಹೇಳಬೇಕು. ವಾರಿಜಳಿಗೆ ಒಬ್ಬಳೇ ಅಕ್ಕ, ಅಂಬುಜ. ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ಮದುವೆಯಾಗಲಿಲ್ಲ, ತಾಯಿಯ ಜೊತೆಗಿದ್ದಳು. ತಾಯಿಗೆ ಆಸ್ಪತ್ರೆಯ ವಾಸನೆ ಆಗುತ್ತಿರಲಿಲ್ಲವೆಂದು ಅದನ್ನು ಬಹಳ ದೂರ ಬರೆದುಕೊಂಡಿದ್ದರು. ಒಂದು ಸಂಜೆ ಅವರಿಗೆ ಎದೆನೋವು ಬಂತು. ಅಂಬುಜ ಹೊತ್ತುಕೊಂಡಾದರೂ ಈಗಲೇ ಹೋಗೋಣ ಎಂದಳು. ವಾರಿಜ, ಅಷ್ಟು ದೂರ ಅಲುಗಾಡಿಸುವುದು ಬೇಡ, ನಾಳೆ ಬೆಳಗಿಗೆ ಆಸ್ಪತ್ರೆಯನ್ನೇ ಹತ್ತಿರ ಬರೆದುಕೊಳ್ಳೋಣ ಎಂದಳು. ಬರೆದಳು ಕೂಡ. ಬೆಳಕು ಹರಿದಾಗ ಆಸ್ಪತ್ರೆ ಮನೆಯ ಎದುರಿಗೇ ಬಂದು ನಿಂತಿತ್ತು. ತಾಯಿ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ದೂರವೂ ಬರೆಯಲಿಲ್ಲ, ಹತ್ತಿರವೂ ಬರೆಯಲಿಲ್ಲ. ನಾಲ್ಕು ಬೀದಿ ಆಚೆ, ತಾಯಿ ಹಿಂದೆಂದೋ ಬರೆದಿದ್ದ ಜಾಗದಲ್ಲೇ ಆ ಮನೆ ಇತ್ತು.

ಸಂಜೆಯೊಳಗೆ ಆದಷ್ಟು ಜನ ತಮ್ಮ ಸಾಲುಗಳನ್ನು ತುಂಬಲಿ, ಉಳಿದದ್ದಕ್ಕೆ ವಾರಿಜ ಒಂದು ಸಂಖ್ಯೆ ಯೋಚಿಸಲಿ ಎಂದು ಸಭೆ ಮುಗಿಯಿತು. ಬಸ್ಸಿಗೆ ಧ್ವನಿವರ್ಧಕ ಕಟ್ಟಿದರು. ನಾನು ಮೈಕು ಹಿಡಿದು ಬೀದಿಬೀದಿಯಲ್ಲಿ ಕೂಗಿಕೊಂಡು ಹೋದೆ. ನಿಮ್ಮ ನಿಮ್ಮ ಫೈಲು ತುಂಬಿ, ಮೊಬೈಲಿನಿಂದ ಬರೆಯಿರಿ, ಬಾರದವರು ಕಚೇರಿಗೆ ಬನ್ನಿ, ಬರೆಯದಿದ್ದರೆ ಎಲ್ಲಿ ಹೋಗುತ್ತೀರೋ ಹೇಳಲಾಗುವುದಿಲ್ಲ. ಕೊನೆಯ ಮಾತನ್ನು ಪುಟ್ಟಸಿದ್ದಪ್ಪನವರು ಹೇಳಿಕೊಟ್ಟಿರಲಿಲ್ಲ. ನನ್ನ ಭಯ ಹಾಗೆ ಬಾಯಿಗೆ ಬಂತು.

ಜನ ಜಗುಲಿಗಳಲ್ಲಿ ಮೊಬೈಲು ಹಿಡಿದು ಕೂತರು. ಅಷ್ಟು ದಿನ ನಿನ್ನೆಯಂತೆ ಇರಲಿ ಎಂದು ಬಿಟ್ಟಿದ್ದನ್ನೆಲ್ಲ ಈಗ ಸಂಖ್ಯೆಯಲ್ಲಿ ಹೇಳಬೇಕಾಗಿತ್ತು. ಒಬ್ಬಾಕೆ ಬಸ್ಸು ನಿಲ್ಲಿಸಿ, ‘ನಮ್ಮ ಓರಗಿತ್ತಿ ಎಷ್ಟು ಬರೆದವಳೆ, ಸ್ವಲ್ಪ ಹೇಳಿ, ಅಷ್ಟೇ ನಾನೂ ಬರೀತೀನಿ’ ಎಂದಳು. ನಜೀರ್ ಸ್ಟೀರಿಂಗ್ ಮೇಲೆ ಮೊಬೈಲಿಟ್ಟುಕೊಂಡು ಅರ್ಧ ಗಂಟೆ ಯೋಚಿಸಿ, ಕೊನೆಗೆ ನನ್ನ ಕಡೆ ತಿರುಗಿದ. ‘ನಿಮ್ಮ ಮನೆಗೆ ಎಷ್ಟು ಹಾಕ್ಲಿ ಉಮಾಪತಣ್ಣ?’ ಎಂದ. ಎಷ್ಟೋ ವರ್ಷ ಒಟ್ಟಿಗೆ ಕೆಲಸ ಮಾಡಿದವರು ನಾವು. ಇಬ್ಬರಿಗೂ ನಾಚಿಕೆಯಾಯಿತು.

ಅಂಬುಜ ಬಾಗಿಲಲ್ಲೇ ನಿಂತಿದ್ದಳು. ಬಸ್ಸು ನಿಧಾನವಾಗುತ್ತಿದ್ದಂತೆ ಮುಂದೆ ಬಂದಳು. ‘ಏನ್ರೀ ಉಮಾಪತಿ, ಅವಳು ಎಷ್ಟು ಬರ್ದಳಂತೆ?’

‘ಅವಳೂ ಇನ್ನೂ ಬರ್ದಿಲ್ಲ ಅತ್ತಿಗೆ.’

‘ನಾನು ಬರ್ದಿದ್ದು ಅವಳಿಗೆ ಕಾಣುತ್ತಾ?’

‘ಅವಳೇ ಅಲ್ವಾ ಓದಿಸೋದು. ಎಲ್ಲ ಕಾಣುತ್ತೆ.’

ಅಂಬುಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಹಂಗಾದ್ರೆ ಆಮೇಲೆ ನೋಡ್ತೀನಿ’ ಎಂದು ಒಳಗೆ ಹೋದಳು.

ಮಧ್ಯಾಹ್ನ ನಾನು ಊಟದ ಡಬ್ಬಿ ತೆಗೆದುಕೊಂಡು ಹೋದಾಗ ವಾರಿಜ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬಸ್ ಡಿಪೋದ ಹಿಂದಿನ ಬಯಲಿಗೆ ನನ್ನನ್ನು ಕರೆದುಕೊಂಡು ಹೋದಳು. ‘ನಾನು ಇಲ್ಲಿ ನಿಂತು ಕೂಗ್ತೀನಿ. ನೀವು ಹಿಂದಕ್ಕೆ ಹೋಗ್ತಾ ಇರಿ. ಕೇಳಿಸೋವರೆಗೂ ಕೈ ಎತ್ತಿ’ ಎಂದಳು. ಅವಳಿಗೆ ಹೊಳೆದದ್ದು ಅದು. ಏನೂ ಬರೆಯದವರು ಒಬ್ಬರಿಗೊಬ್ಬರು ಕೂಗಿದರೆ ಕೇಳಿಸುವಷ್ಟು ದೂರದಲ್ಲಿರಲಿ. ಮೈಗೆ ಮೈ ತಾಗುವಷ್ಟು ಹತ್ತಿರ ಬೇಡ, ಕಷ್ಟಕಾಲದಲ್ಲಿ ದನಿ ಮುಟ್ಟದಷ್ಟು ದೂರವೂ ಬೇಡ. ಅವಳು ‘ರೀ’ ಎಂದು ಕೂಗುತ್ತಾ ಹೋದಳು, ನಾನು ಕೈ ಎತ್ತುತ್ತಾ ಹಿಂದಕ್ಕೆ ನಡೆದೆ. ಒಂದು ಕಡೆ ಅವಳ ಬಾಯಿ ಆಡುವುದು ಕಂಡಿತು, ದನಿ ಬರಲಿಲ್ಲ. ಆದರೂ ಕೈ ಎತ್ತಿದೆ. ಅವಳು ಓಡುತ್ತಾ ಬಂದಳು.

‘ನಿಜವಾಗ್ಲೂ ಕೇಳಿಸ್ತಾ?’

‘ಇಲ್ಲ. ಕರೀತಿದೀಯ ಅಂತ ಗೊತ್ತಾಯ್ತು.’

‘ಗೊತ್ತಾಗೋದು ಬೇರೆ, ಕೇಳಿಸೋದು ಬೇರೆ ರೀ’ ಎಂದು ಸಿಡುಕಿ, ನಾನು ಹಿಂದಿನ ಸಲ ನಿಂತಿದ್ದ ಜಾಗಕ್ಕೆ ಹೋಗಿ ಕಲ್ಲಿಟ್ಟು ಅಳೆದಳು. ನೂರು ಮಾರಿನ ಆಸುಪಾಸು ಬಂತು.

ಅದನ್ನೇ ಹಾಕಿ ಬಂದು ಕೂತಿದ್ದಳು. ಆಗ ಯಶೋದೆ ಎಂಬ ಹೆಂಗಸು ಕಚೇರಿಗೆ ಬಂದಳು. ಮಗ್ಗದ ಕೆಲಸದವಳು, ಬಸ್ಸಿನಲ್ಲಿ ಯಾವಾಗಲೂ ಕಿಟಕಿಯಿಂದ ದೂರ ಕೂರುತ್ತಿದ್ದಳು. ವಾರಿಜಳ ಮೇಜಿನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು, ‘ನಮ್ಮಪ್ಪ ಇದ್ದಾಗ ನನ್ನ ಗಂಡನ ಮನೇನ ಊರಾಚೆಗೆ ಬರ್ದಿದ್ರು. ಆಮೇಲೆ ನಾನು ಆ ಸಾಲನ್ನ ಮುಟ್ಟೇ ಇಲ್ಲ. ಅಲ್ಲಿಂದ ಯಾರೂ ನಡ್ಕೊಂಡು ಬರೋಕಾಗಲ್ಲ ಅಂತ ಧೈರ್ಯವಾಗಿದ್ದೆ. ಈಗ ಬರೀದಿದ್ರೆ ಎಷ್ಟಾಗುತ್ತೆ ಅಕ್ಕ?’

ವಾರಿಜ ನೂರು ಎನ್ನದೆ ಅವಳ ಫೈಲು ತೆರೆದಳು. ಯಶೋದೆಯ ಸಾಲಿಗೆ ಅವಳು ಹೇಳಿದ ದೊಡ್ಡ ಸಂಖ್ಯೆಯನ್ನು ಬರೆದುಕೊಟ್ಟು, ತೋರಿಸಿ, ಕಳಿಸಿದಳು. ಆಮೇಲೆ ಬಾಗಿಲಿಗೆ ಬಂದು ನನ್ನ ತೋಳು ಹಿಡಿದುಕೊಂಡಳು.

‘ಇವಳಿಗೆ ಮೈಕು ಕೇಳಿಸ್ತು, ಬಂದಳು. ಕೇಳಿಸದೇ ಇರೋರು ಎಷ್ಟು ಜನರೋ. ನಾನು ಹತ್ರ ಇರ್ಲಿ ಅಂತ ಹಾಕಿದ್ದು ಇನ್ಯಾರದೋ ಬಾಗಿಲಿಗೆ ತಂದು ನಿಲ್ಲಿಸಿದ್ರೆ?’ ಸ್ವಲ್ಪ ತಡೆದು ಇನ್ನೊಂದನ್ನೂ ಹೇಳಿದಳು. ‘ಇನ್ನೊಂದು ಹೆದರಿಕೆ ಇದೆ ರೀ. ಅಕ್ಕನ ಸಾಲೂ ಖಾಲಿ, ನಂದೂ ಖಾಲಿ. ನೂರು ಅಂತ ಹಾಕಿದ್ರೆ ಅವಳು ಹತ್ರ ಬರ್ತಾಳೆ. ಊರಿಗೋಸ್ಕರ ಹಾಕಿದ್ನೋ, ನನಗೋಸ್ಕರ ಹಾಕ್ಕೊಂಡ್ನೋ, ನನಗೇ ಗೊತ್ತಾಗ್ತಿಲ್ಲ.’

‘ಕೇಳಿಸದವರ ಹತ್ರ ನಾನು ಹೋಗಿ ಬರ್ತೀನಿ. ಅಷ್ಟು ಮಾಡಬಹುದು’ ಎಂದೆ. ಸಂಖ್ಯೆ ಹಾಗೆಯೇ ಉಳಿಯಿತು. ನಾನೂ ನಜೀರನೂ ಊರಂಚಿನ ಒಂಟಿ ಮನೆಗಳಿಗೆ ಹೋಗಿ ಒಂದೊಂದೇ ಬಾಗಿಲು ತಟ್ಟಿದೆವು. ಕಿವಿ ಕೇಳದವರಿಗೆ ಕೈಸನ್ನೆ ಮಾಡಿ ಹೇಳಿದೆವು. ಹೆಂಗಸರೇ ಬಾಗಿಲು ತೆರೆದ ಕಡೆ ನಾನು ಎರಡೆರಡು ಸಲ ಹೇಳಿದೆ, ಯಾರಾದರೂ ಬರಬಾರದವರು ಇದ್ದರೆ ಈಗಲೇ ಬರೆಯಿರಿ ಎಂದು. ಇಬ್ಬರು ನನ್ನ ಮುಖ ನೋಡಿ, ಒಳಗೆ ಹೋಗಿ ಮೊಬೈಲು ತಂದರು. ಹೊತ್ತು ಮುಳುಗುವವರೆಗೂ ಸುತ್ತಿದೆವು. ಎಲ್ಲರಿಗೂ ಮುಟ್ಟಿತು ಎಂದು ಎದೆ ಮುಟ್ಟಿ ಹೇಳಲಾರೆ.

ಬೆಳಗಿನ ಜಾವ ವಾರಿಜ ಕಚೇರಿಗೆ ಹೊರಟಾಗ ನಾನೂ ಹೊರಟೆ. ಪುಟ್ಟಸಿದ್ದಪ್ಪನವರು ಆಗಲೇ ಬಂದು, ಮಫ್ಲರ್ ಸುತ್ತಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪೂರ್ವದ ಕಿಟಕಿ ಬೂದಿ ಬಣ್ಣಕ್ಕೆ ತಿರುಗಿತು. ವಾರಿಜ ಪ್ರೋಗ್ರಾಮ್ ಶುರು ಮಾಡಿದಳು. ತೆರೆಯ ಮೇಲೆ ಎರಡು ಸಾಲು ಓಡಿ, ಮೂರನೆಯದರಲ್ಲಿ ಕೆಂಪು ಅಕ್ಷರ ಬಂದು ನಿಂತುಬಿಟ್ಟಿತು.

ಫೈಲುಗಳು ಅಕ್ಷರಮಾಲೆಯ ಕ್ರಮದಲ್ಲಿದ್ದವು. ಮೊದಲ ಫೈಲೇ ಅಂಬುಜಳದು. ‘ವಾರಿಜ’ ಎಂಬ ಸಾಲಿನ ಮುಂದೆ, ಸಮ ಚಿಹ್ನೆಯ ಆಚೆ, ಸಂಖ್ಯೆಯ ಬದಲು ‘ಗೊತ್ತಿಲ್ಲ’ ಎಂದು ಬರೆದಿತ್ತು. ಹಿಂದಿನ ದಿನ ಕಚೇರಿ ಮುಚ್ಚಿದ ಮೇಲೆ ಬರೆದಿರಬೇಕು. ಲೈಬ್ರರಿ ಅದನ್ನು ಓದಿತ್ತು, ನಿಷ್ಠೆಯಿಂದ ಎತ್ತಿ ಕೊಟ್ಟಿತ್ತು. ಅದನ್ನು ಮಾರಿನ ಲೆಕ್ಕಕ್ಕೆ ತರುವುದು ಆಗದೆ ಪ್ರೋಗ್ರಾಮ್ ನಿಂತಿತ್ತು.

‘ಖಾಲಿಗೆ ದಾರಿ ಮಾಡಿದ್ದೆ’ ಎಂದಳು ವಾರಿಜ, ಯಾರಿಗೋ ಒಪ್ಪಿಸುವವಳಂತೆ. ‘ಮಾತಿಗೆ ಮಾಡಿರ್ಲಿಲ್ಲ.’

ಕಿಟಕಿಯಿಂದ ಹೊರಗೆ ನೋಡಿದೆ. ಎದುರಿನ ಸೊಸೈಟಿ ಕಟ್ಟಡದ ಅಂಚು ಮಸುಕಾಗಿತ್ತು. ಮಂಜಿರಬಹುದು ಎಂದು ಕಣ್ಣುಜ್ಜಿಕೊಂಡೆ. ಮತ್ತೆ ನೋಡಿದಾಗ ಕಟ್ಟಡದ ಬಾಗಿಲೂ ಇರಲಿಲ್ಲ.

‘ನಿಮ್ಮಕ್ಕ ತಾನೆ ವಾರಿಜಮ್ಮ, ಯಾವುದಾದ್ರೂ ಒಂದು ನಂಬರ್ ಹಾಕಿ. ಬೇಗ’ ಎಂದರು ಪುಟ್ಟಸಿದ್ದಪ್ಪನವರು.

‘ಬೇರೆ ಯಾರದಾಗಿದ್ರೂ ಹಾಕ್ತಿದ್ದೆ ಸರ್. ಇದಕ್ಕೆ ನಾನು ಹಾಕೋಕಾಗಲ್ಲ.’ ಹಾಗೆಂದು ಅವಳು ಮೊಬೈಲು ಎತ್ತಿಕೊಂಡಳು. ಸಂಖ್ಯೆಯನ್ನು ಹುಡುಕಲಿಲ್ಲ, ಬೆರಳಿಗೆ ಬಾಯಿಪಾಠವಿತ್ತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಬಹಳ ಹೊತ್ತು ಬಾರಿಸಿತು. ‘ಹಲೋ’ ಎಂದಳು ಅಂಬುಜ.

‘ಅಕ್ಕಾ, ನಾನು.’

ವಾರಿಜ ಮೊಬೈಲಿನ ಕಡೆ ಬಾಗಿದಳು.

‘ನನ್ನ ಸಾಲಲ್ಲಿ ಗೊತ್ತಿಲ್ಲ ಅಂತ ಬರ್ದಿದೀಯ.’

‘ಹೂಂ. ಗೊತ್ತಿಲ್ಲ, ಅದಕ್ಕೇ ಹಂಗೆ ಬರ್ದೆ.’

‘ಅದು ಮಾತು ಓದಲ್ಲ ಅಕ್ಕಾ. ನಂಬರ್ ಬೇಕು. ಊರೆಲ್ಲ ನಿಂತ್ಬಿಟ್ಟಿದೆ.’

‘ಕಿಟಕಿಯಾಚೆ ಏನೂ ಕಾಣ್ತಿಲ್ಲ. ನನ್ನಿಂದಾನಾ?’

‘ನಿನ್ನಿಂದಲ್ಲ. ನನಗೆ ಹೊಳೀಲಿಲ್ಲ. ಒಂದು ನಂಬರ್ ಹೇಳು, ಹಾಕ್ತೀನಿ.’

‘ನೀನೇ ಒಂದು ಹಾಕ್ಕೊಳ್ಳೇ. ಬರ್ದೇ ಎಲ್ಲಾ ಮಾಡೋಳು ನೀನು.’

ವಾರಿಜ ಕಣ್ಣು ಮುಚ್ಚಿದಳು. ಪುಟ್ಟಸಿದ್ದಪ್ಪನವರು ಕುರ್ಚಿಯಿಂದ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ‘ಆವತ್ತು ಹೊತ್ಕೊಂಡು ಹೋಗ್ಬೇಕಿತ್ತು ಅಕ್ಕಾ’ ಎಂದಳು ವಾರಿಜ. ‘ನೀನು ಹೇಳಿದ್ದೇ ಸರಿ ಇತ್ತು.’

ಗೋಡೆಯ ಗಡಿಯಾರದ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಅಂದೇ ತಿಳಿದದ್ದು. ‘ಹೋಗಿದ್ರೂ ದಾರಿ ಮಧ್ಯ ಏನಾಗ್ತಿತ್ತೋ’ ಎಂದಳು ಅಂಬುಜ. ಆಮೇಲೆ, ‘ಉಮಾಪತಿ ಅಲ್ಲೇ ಇದಾರಾ? ಬಸ್ಸು ಎಷ್ಟು ದೂರ ಹೋಗುತ್ತೆ ಕೇಳು.’

‘ಮನೆ ಇರೋವರೆಗೂ ಹೋಗುತ್ತೆ ಅತ್ತಿಗೆ’ ಎಂದೆ.

‘ಹಂಗಾದ್ರೆ ಎರಡು ಸಾವಿರ ಹಾಕು.’

ವಾರಿಜಳ ಮುಖ ಇಳಿದುಹೋಯಿತು. ಎರಡು ಸಾವಿರ ಮಾರು ಎಂದರೆ ಜಗಳವಾಡಿದವರೂ ಸಾಮಾನ್ಯವಾಗಿ ಬರೆಯದಷ್ಟು ದೂರ. ಅವಳು ಸಂಖ್ಯೆ ಒತ್ತಿದಳು, ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು. ಅದು ಆ ಕಡೆಗೆ ಕಂಡಿತೋ ಎಂಬಂತೆ ಅಂಬುಜ ಮತ್ತೆ ಮಾತಾಡಿದಳು.

‘ಬೇಜಾರು ಮಾಡ್ಕೋಬೇಡ್ವೇ. ಬಾಗಿಲು ತೆಗೆದ ತಕ್ಷಣ ಎದುರಿಗೆ ನೀನಿದ್ರೆ ಏನ್ ಮಾತಾಡೋದು ಅಂತ ನನಗೆ ಗೊತ್ತಿಲ್ಲ. ಬಸ್ಸಲ್ಲಿ ಕೂತು ಬರೋಷ್ಟು ಹೊತ್ತು ಬೇಕು. ನಿನಗೂ ಬೇಕು.’

ವಾರಿಜ ಒತ್ತಿದಳು. ಕೆಂಪು ಅಕ್ಷರ ಹೋಯಿತು. ಸಾಲುಗಳು ಓಡತೊಡಗಿದವು. ನಾವು ಮೂವರೂ ಒಂದೊಂದು ಹೆಸರನ್ನೂ ನೋಡುತ್ತಾ ನಿಂತೆವು. ಯಶೋದೆಯ ಹೆಸರು ಬಂದಾಗ ವಾರಿಜ ತುಟಿ ಕಚ್ಚಿದಳು. ಯಶೋದೆಯ ಹೆಸರು ಬಂದಾಗ ವಾರಿಜ ತುಟಿ ಕಚ್ಚಿದಳು. ಬಡಗಿ ರೇವಣ್ಣನ ಹೆಸರೂ ದಾಟಿತು. ಕೊನೆಯ ಸಾಲು ಮುಗಿದಾಗ ಕಿಟಕಿಯಾಚೆ ಸೊಸೈಟಿ ಕಟ್ಟಡ ಇರಲಿಲ್ಲ. ಅಲ್ಲಿ ಒಂದು ಮಾವಿನ ಮರ, ಅದರ ಕೆಳಗೆ ಯಾರದೋ ಬಚ್ಚಲು, ಬಚ್ಚಲ ಹೊಗೆ ಇದ್ದವು.

ಮೊದಲ ಟ್ರಿಪ್ಪಿಗೆ ಅಷ್ಟು ಹೊತ್ತು ಹಿಂದೆಂದೂ ಹಿಡಿದಿರಲಿಲ್ಲ. ಊರು ಹಿಡಿ ತುಂಬ ಕಾಳು ಚೆಲ್ಲಿದ ಹಾಗೆ ಹೊಸದಾಗಿ ಬಿದ್ದಿತ್ತು. ಎಷ್ಟೋ ಮನೆಗಳು ಕೂಗಳತೆಗೆ ಬಂದು, ಜನ ಕಾಂಪೌಂಡಿನ ಮೇಲಿಂದ ಒಬ್ಬರನ್ನೊಬ್ಬರು ಹೊಸಬರಂತೆ ನೋಡುತ್ತಿದ್ದರು. ಕೆಲವರು ಕೋಪದಿಂದ ಬಸ್ಸು ನಿಲ್ಲಿಸಿ, ಇದೆಲ್ಲ ನಿಮ್ಮ ಹೆಂಡತಿಯದೇ ಕೆಲಸವೇ ಎಂದು ಕೇಳಿದರು. ಹೌದು ಎಂದೆ. ಬೇಡವಾದರೆ ಇವತ್ತೇ ಬರೆಯಿರಿ, ನಾಳೆ ಸರಿಯಾಗುತ್ತದೆ ಎಂದೆ. ನಜೀರನ ಮನೆ ನಮ್ಮ ಮನೆಯ ಹಿತ್ತಿಲಿಗೆ ಬಂದ ಹಾಗಿತ್ತು, ಅಂದರೆ ನನ್ನ ಹಾಗೆಯೇ ಅವನೂ ಹತ್ತಿರ ಬರೆದಿದ್ದ; ಏನೂ ಗೊತ್ತಿಲ್ಲದವನಂತೆ ಗೇರು ಬದಲಿಸಿದ. ಯಶೋದೆ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು ಬೀದಿಯ ಎರಡೂ ಕಡೆ ನೋಡುತ್ತಿದ್ದಳು. ನನ್ನನ್ನು ಕಂಡು ತಲೆಯಾಡಿಸಿದಳು. ಊರಂಚಿನಲ್ಲಿ ಒಂದು ಮನೆಯ ಮುಂದೆ ಮಾತ್ರ ಅಳುವ ಸದ್ದು ಕೇಳಿ ಇಳಿದೆವು. ಅಣ್ಣತಮ್ಮಂದಿರಿಬ್ಬರ ನಡುವಿನ ಹಳೆಯ ವ್ಯಾಜ್ಯ, ಇಬ್ಬರೂ ಬರೆದಿರಲಿಲ್ಲ, ಈಗ ಒಂದೇ ಕಣದಲ್ಲಿ ನಿಂತಿದ್ದರು. ನಜೀರ್ ಒಬ್ಬನನ್ನು ಹಿಡಿದ, ನಾನು ಇನ್ನೊಬ್ಬನನ್ನು. ಸಂಜೆಯವರೆಗೂ ಅವನನ್ನು ಬಸ್ಸಿನಲ್ಲೇ ಕೂರಿಸಿಕೊಂಡು ಸುತ್ತಿಸಿದೆವು.

ಎರಡನೆಯ ಟ್ರಿಪ್ಪಿಗೆ ವಾರಿಜ ಹತ್ತಿದಳು. ಮನೆಗೆ ಹೋಗಿ ಮುಖ ತೊಳೆದು, ಸೀರೆ ಬದಲಾಯಿಸಿ ಬಂದಿದ್ದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು, ಏನನ್ನೋ ಮೊದಲೇ ಜೋಡಿಸಿಕೊಳ್ಳುವವಳಂತೆ. ಮನೆಗಳು ಮುಗಿದವು, ಹೊಲ ಮುಗಿಯಿತು, ದಾರಿ ಇನ್ನೂ ಇತ್ತು. ನಮ್ಮ ಬಸ್ಸು ಎಂದೂ ಹೋಗದ ಜಾಗ. ಕೊನೆಗೆ ಒಂದು ತಿರುವಿನಲ್ಲಿ ಅಂಬುಜಳ ಮನೆ ಒಂಟಿಯಾಗಿ ಕಂಡಿತು. ಅವಳು ಜಗುಲಿಯಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಬಸ್ಸು ನಿಂತರೂ ತಲೆ ಎತ್ತಲಿಲ್ಲ. ವಾರಿಜ ಸೀಟಿನಿಂದ ಏಳಲಿಲ್ಲ. ನಜೀರ್ ಎಂಜಿನ್ ಆರಿಸಿದ. ಬಸ್ಸಿನಲ್ಲಿದ್ದ ಯಾರೂ ಹೊತ್ತಾಯಿತು ಎನ್ನಲಿಲ್ಲ.

ಆಮೇಲೆ ಅವಳು ಎದ್ದು, ಕಂಬಿ ಹಿಡಿದು ಇಳಿದು, ಅಂಗಳ ದಾಟಿ ಹೋಗಿ ಜಗುಲಿಯ ಮುಂದೆ ಚಪ್ಪಲಿ ಬಿಟ್ಟಳು. ಅಂಬುಜ ಮೊರವನ್ನು ಪಕ್ಕಕ್ಕಿಟ್ಟು, ಚಪ್ಪಲಿಯನ್ನು ನೋಡಿದಳು.

‘ಒಳಗೆ ಬಿಡೇ’ ಎಂದಳು. ‘ಹೊಸ ಜಾಗ. ಇಲ್ಲಿನ ನಾಯಿಗಳು ಹೆಂಗೋ ಏನೋ.’